ರಕ್ತ ಏರಿಸುವ ಮೊದಲು ತೆಗೆದಿಡಬೇಕಾದ ರಕ್ತ

ಕಳೆದ ಆಷಾಢದಲ್ಲಿ ಅಂಕೋಲೆ ಕಡೆಯ ತಾಯಿಯೊಬ್ಬರು ಒಂದೂವರೆ ವರ್ಷದ ಮಗುವನ್ನು ಕಾರವಾರದ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಮಗು ನನ್ನ ಸ್ಟೆತೊಸ್ಕೋಪ್ ಎಳೆದಾಡುತ್ತ ಆಡಿಕೊಂಡಿತ್ತು. ಆದರೆ ಅಂಗೈ ಗೆರೆಗಳಲ್ಲಿ ಕೆಂಪೆಂಬುದೇ ಇರಲಿಲ್ಲ. ಹಿಮೊಗ್ಲೋಬಿನ್ 5 ಗ್ರಾಂ. ಹಿಂದಿನ ವಾರದ ಜ್ವರದಿಂದ ಹೀಗಾಯಿತೇ ಎಂಬುದು ತಾಯಿಯ ಪ್ರಶ್ನೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಈ ಕಣಗಳನ್ನು ಹುಟ್ಟಿಸುವ ಅಸ್ಥಿಮಜ್ಜೆ ಪೂರ್ತಿ ಕೈಕಟ್ಟಿ ಕುಳಿತರೂ ದಿನಕ್ಕೆ ಕುಸಿಯುವುದು ಶೇ. 1ರ ಆಸುಪಾಸು. 11 ಇದ್ದದ್ದು 5ಕ್ಕೆ ಇಳಿಯಲು ತಿಂಗಳು ದಾಟಿರಲೇಬೇಕು, ಅಷ್ಟು ನಿಧಾನವಾಗಿ ಇಳಿದದ್ದರಿಂದಲೇ ಮಗು ಆಡುತ್ತಿತ್ತು.

ರೆಟಿಕ್ಯುಲೊಸೈಟ್, ಅಂದರೆ ಮಜ್ಜೆಯಿಂದ ಆಗಷ್ಟೇ ಹೊರಬಂದ ಎಳೆಯ ಕಣಗಳು, ಶೇ. 0.2 ಮಾತ್ರ ಇದ್ದವು. ಬಿಳಿ ಕಣ, ಪ್ಲೇಟ್‌ಲೆಟ್ ಸರಿಯಿದ್ದವು. ಕಣಗಳು ಒಡೆಯುವಾಗ ಊದುವ ಗುಲ್ಮ (ಸ್ಪ್ಲೀನ್) ಕೈಗೆ ಸಿಗಲಿಲ್ಲ, ಕಣ್ಣು ಹಳದಿಯಾಗಿರಲಿಲ್ಲ. ಕಣಗಳು ಒಡೆಯುತ್ತಿಲ್ಲ, ಹುಟ್ಟುತ್ತಿಲ್ಲ ಎಂದಾಯಿತು. ಹೀಗಾದಾಗ ಮುಖ್ಯವಾಗಿ ಯೋಚಿಸಬೇಕಾದವು ಎರಡು: ತಾನಾಗಿ ಬಂದು ಒಂದೆರಡು ತಿಂಗಳಲ್ಲಿ ತಾನಾಗಿ ಹೋಗುವ, ಕೆಂಪು ಕಣಗಳ ಹುಟ್ಟಿನ ತಾತ್ಕಾಲಿಕ ಸ್ಥಗಿತ, ಇಲ್ಲವೇ 1938ರಲ್ಲಿ ಬಾಸ್ಟನ್ನಿನ ಇಬ್ಬರು ವೈದ್ಯರು ವಿವರಿಸಿದ, ಜೀನ್ ದೋಷದಿಂದ ಹುಟ್ಟಿನಿಂದಲೇ ಬರುವ ಡೈಮಂಡ್–ಬ್ಲ್ಯಾಕ್‌ಫ್ಯಾನ್ ಕಾಯಿಲೆ. ಈ ದೋಷ ತಂದೆತಾಯಿಯಲ್ಲಿ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟುವುದೂ ಉಂಟು. ಆದ್ದರಿಂದ ‘ನಮ್ಮ ಕಡೆ ಯಾರಿಗೂ ಇಲ್ಲ’ ಎಂಬ, ಆ ತಾಯಿಯ ಅತ್ತೆಯವರ ಮಾತು ಯಾವುದನ್ನೂ ತೀರ್ಮಾನಿಸುವುದಿಲ್ಲ.

ವಯಸ್ಸು ಸ್ವಲ್ಪ ದಾರಿ ತೋರಿಸುತ್ತದೆ: ಹುಟ್ಟಿನ ಕಾಯಿಲೆ ಬಹುಪಾಲು ಮೊದಲ ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ, ತಾತ್ಕಾಲಿಕವಾದದ್ದು ಹೆಚ್ಚಾಗಿ ವರ್ಷ ತುಂಬಿದ ಮೇಲೆ. ನಾನು ಮೊದಲು ಹಿಡಿದು ನೋಡುವುದು ಹೆಬ್ಬೆರಳನ್ನು. ಎರಡರ ಬದಲು ಮೂರು ಮೂಳೆಗಳಿದ್ದು ಅದು ಉಳಿದ ಬೆರಳುಗಳಂತೆ ನೀಳವಾಗಿದ್ದರೆ ಅನುಮಾನ ಬಲವಾಗುತ್ತದೆ. ಹುಟ್ಟಿನ ಕಾಯಿಲೆಯಲ್ಲಿ ಕೆಂಪು ಕಣ ವಯಸ್ಸಿಗೆ ಮೀರಿ ದೊಡ್ಡದಿರುತ್ತದೆ, ಕಣದೊಳಗಿನ ಅಡಿನೊಸಿನ್ ಡಿಅಮಿನೇಸ್ ಕಿಣ್ವ ಸಾಮಾನ್ಯವಾಗಿ ಏರಿರುತ್ತದೆ. ಆದರೆ ಇವನ್ನೆಲ್ಲ ರಕ್ತ ಏರಿಸುವ ಮೊದಲೇ ಅಳೆಯಬೇಕು, ಏರಿಸಿದ ಮೇಲೆ ಅಳೆಯುವುದು ದಾನಿಯ ಕಣಗಳನ್ನು. ವರ್ಷಗಳ ಹಿಂದೆ ಒಂದು ಮಗುವಿಗೆ ಅವಸರದಲ್ಲಿ ರಕ್ತ ಏರಿಸಿ, ಉತ್ತರಕ್ಕಾಗಿ ಆ ಮನೆಯವರನ್ನು ತಿಂಗಳುಗಟ್ಟಲೆ ಕಾಯಿಸಿದ ತಪ್ಪು ನನ್ನದೇ.

ಈ ಮಗುವಿನ ಹೆಬ್ಬೆರಳು ಸರಿಯಿತ್ತು, ಕಣದ ಗಾತ್ರ ವಯಸ್ಸಿಗೆ ತಕ್ಕಂತಿತ್ತು, ಹೃದಯ ಸೋಲುವ ಲಕ್ಷಣವಿರಲಿಲ್ಲ. ಕಿಣ್ವದ ಪರೀಕ್ಷೆಗೆ ರಕ್ತ ತೆಗೆದು ಕಳಿಸಿ, ಆ ಮಳೆಯಲ್ಲಿ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಓಡುವುದು ಬೇಡ, ಎರಡು ದಿನಕ್ಕೊಮ್ಮೆ ಇಲ್ಲಿಗೇ ಬನ್ನಿ ಎಂದೆ. ಕಿಣ್ವ ಏರಿರಲಿಲ್ಲ. ಮೂರನೆಯ ವಾರ ಎಳೆಯ ಕಣಗಳು ಶೇ. 7ಕ್ಕೆ ಜಿಗಿದವು, ಮಜ್ಜೆ ಮತ್ತೆ ಕೆಲಸಕ್ಕಿಳಿದಿತ್ತು. ಅವು ಗಾತ್ರದಲ್ಲಿ ದೊಡ್ಡವಾದ್ದರಿಂದ ಸರಾಸರಿ ಗಾತ್ರವೂ ಏರಿತ್ತು. ಅಂದು ಅದೊಂದನ್ನೇ ನೋಡಿದವರು ಹುಟ್ಟಿನ ಕಾಯಿಲೆಯೆಂದು ಬರೆದುಬಿಡುತ್ತಿದ್ದರೇನೋ.