ಪದ ಪರಿಚಯ: ಗಾರ್ಡ್ನರ್–ಡೈಮಂಡ್ ಸಿಂಡ್ರೋಮ್

"ನನಗೆ ಬದನೆಕಾಯಿ ಆಗಿಬರುವುದಿಲ್ಲ" ಎಂದು ಎಲೆಗೆ ಕೈ ಅಡ್ಡ ಹಿಡಿಯುವವರು ಚಿಕ್ಕಬಳ್ಳಾಪುರದ ಯಾವ ಮದುವೆ ಊಟದಲ್ಲೂ ಸಿಗುತ್ತಾರೆ. ತನ್ನ ರಕ್ತವೇ ತನಗೆ ಆಗಿಬರದಿದ್ದರೆ? ಈ ಅಪರೂಪದ ಕಾಯಿಲೆಗೆ 'ಆಟೋಎರಿಥ್ರೋಸೈಟ್ ಸೆನ್ಸಿಟೈಸೇಷನ್' ಎಂಬ ಇನ್ನೊಂದು ಹೆಸರಿದೆ. ಅದರ ಅರ್ಥವೇ ಸ್ವಂತ ಕೆಂಪು ರಕ್ತಕಣ ಒಗ್ಗದಿರುವುದು.

ಸಾಮಾನ್ಯವಾಗಿ ಪೆಟ್ಟು ಬಿದ್ದು ಚರ್ಮ ನೀಲಿಗಟ್ಟುತ್ತದೆ. ಇಲ್ಲಿ ಹಾಗಲ್ಲ. ಎಲ್ಲೋ ಒಂದು ಕಡೆ ಉರಿ, ಚುಚ್ಚಿದಂಥ ನೋವು ಮೊದಲು ಬರುತ್ತದೆ; ಜಾಗ ಕೆಂಪಾಗಿ ಊದುತ್ತದೆ; ಒಂದು ದಿನದೊಳಗೆ ನೀಲಿಯಾಗುತ್ತದೆ. ವಾರ, ಎರಡು ವಾರದಲ್ಲಿ ಮಾಯವಾಗಿ ಮತ್ತೆ ಬರುತ್ತದೆ. ಹೆಚ್ಚಿನ ರೋಗಿಗಳು ಹೆಂಗಸರು.

ಕಾರಣ ಹುಡುಕಿದ ಕಥೆ ಸ್ವಾರಸ್ಯಕರವಾಗಿದೆ. 1955ರಲ್ಲಿ ಅಮೆರಿಕದ ವೈದ್ಯರಾದ ಗಾರ್ಡ್ನರ್ ಮತ್ತು ಡೈಮಂಡ್ ನಾಲ್ವರು ಮಹಿಳೆಯರಲ್ಲಿ ಇದನ್ನು ವಿವರಿಸಿದರು. ಅವರವರದೇ ರಕ್ತವನ್ನು ಚರ್ಮದೊಳಗೆ ಚುಚ್ಚಿದಾಗ ಅದೇ ಕಲೆ ಮೂಡಿತು. ಹಿಂದೆಂದೋ ಆದ ಗಾಯದಲ್ಲಿ ಸೋರಿದ ರಕ್ತಕ್ಕೆ ದೇಹ ಸಿಡುಕುವುದನ್ನು ಕಲಿತಿದೆ ಎಂದು ಅವರು ಊಹಿಸಿದರು. ಆಮೇಲೆ ಕೆಂಪುಕಣದ ಪೊರೆಯಲ್ಲಿರುವ ಫಾಸ್ಫಟಿಡೈಲ್‌ಸೀರೀನ್ ಎಂಬ ಕೊಬ್ಬಿನ ಮೇಲೂ ಅನುಮಾನ ಬಿತ್ತು. ಆದರೆ ಎಲ್ಲ ರೋಗಿಗಳಲ್ಲೂ ಚುಚ್ಚು ಪರೀಕ್ಷೆ ಫಲಿಸಲಿಲ್ಲ. ಹಲವರಲ್ಲಿ ಕಲೆಗಳು ಶಸ್ತ್ರಚಿಕಿತ್ಸೆ, ಅಪಘಾತ ಅಥವಾ ತೀವ್ರ ಮನೋವ್ಯಥೆಯ ಬೆನ್ನಿಗೆ ಬಂದಿದ್ದವು. 1968ರಲ್ಲಿ ಏಗಲ್ ಮತ್ತು ರಾಟ್ನಾಫ್ ಎಂಬ ವೈದ್ಯರು ಬಳಕೆಗೆ ತಂದ ಹೆಸರು 'ಸೈಕೋಜೆನಿಕ್ ಪರ್ಪ್ಯುರಾ', ಅಂದರೆ ಮನೋಜನ್ಯ ಕಲೆ. ಒತ್ತಡ ಚರ್ಮದಲ್ಲಿ ರಕ್ತವನ್ನು ಹೇಗೆ ಸೋರಿಸುತ್ತದೆ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಈ ಕೊನೆಯ ಹೆಸರು ನನಗೆ ಹಿಡಿಸುವುದಿಲ್ಲ. 'ಮನಸ್ಸಿನದು' ಎಂದೊಡನೆ ನಮ್ಮ ಕಡೆ 'ನಾಟಕ' ಎಂದೇ ಕೇಳಿಸುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಹೆಂಗಸಿನ ತೋಳು ನೀಲಿಗಟ್ಟಿದರೆ ಓಣಿಯವರು ಮೊದಲು ಗಂಡನ ಮುಖ ನೋಡುತ್ತಾರೆ, ಆಮೇಲೆ ಅವಳದನ್ನು. ಹೊಡೆತದ ಸಾಧ್ಯತೆಯನ್ನು ವೈದ್ಯರೂ ಕೇಳಲೇಬೇಕು, ಅದು ತಪ್ಪಲ್ಲ. ಪ್ಲೇಟ್‌ಲೆಟ್ ಎಣಿಕೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳು ಸರಿಯಾಗಿಯೇ ಬಂದು, ಬೇರೆಲ್ಲ ಕಾರಣಗಳೂ ಬಿದ್ದುಹೋದ ಮೇಲಷ್ಟೇ ಈ ಹೆಸರು ಬರುತ್ತದೆ. ಕಲೆ ಮಾಯವಾಗುವ ಮುನ್ನ ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ವೈದ್ಯರಿಗೆ ಅನುಕೂಲ. ಚುಚ್ಚು ಪರೀಕ್ಷೆ ಮಾಡುವವರು ಒಂದೆಡೆ ರೋಗಿಯ ರಕ್ತಕಣ, ಪಕ್ಕದಲ್ಲಿ ಬರೀ ಉಪ್ಪುನೀರು ಚುಚ್ಚಿ ಹೋಲಿಸುತ್ತಾರೆ. ಅದಕ್ಕೆ ಬೆನ್ನನ್ನೇ ಆರಿಸುವುದೂ ಉಂಟು, ರೋಗಿಯ ಕೈ ಅಲ್ಲಿಗೆ ಎಟುಕುವುದಿಲ್ಲವಲ್ಲ.