ಕೆಂಪು ಮಾತ್ರೆ ಎಷ್ಟು ಗಂಟೆಗೆ? ಗಾರ್ಮೆಂಟ್ಸ್ ಹೆಣ್ಣುಮಕ್ಕಳ ರಕ್ತಹೀನತೆ: ಅಧ್ಯಯನ ಟಿಪ್ಪಣಿ

ಗೌರಿಬಿದನೂರು, ತುಮಕೂರು ಕಡೆಯ ಗಾರ್ಮೆಂಟ್ಸ್‌ಗಳಲ್ಲಿ ಆರೋಗ್ಯ ಕಾರ್ಯಕರ್ತೆಯಾಗಿ ಕೆಲಸ ಮಾಡಲು ಓದುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ರಕ್ತಹೀನತೆ ಅಂದರೇನು, ಸುಸ್ತು ಯಾಕೆ ಬರುತ್ತದೆ ಅನ್ನುವುದನ್ನು ಬಿಟ್ಟಿದ್ದೇನೆ, ಅದು ಎಲ್ಲರಿಗೂ ಗೊತ್ತು. ಕಬ್ಬಿಣದ ಮಾತ್ರೆ ಕೊಟ್ಟರೂ ಹಿಮೋಗ್ಲೋಬಿನ್ ಯಾಕೆ ಏರುವುದಿಲ್ಲ ಅನ್ನುವುದೇ ಇಲ್ಲಿನ ಪ್ರಶ್ನೆ.

ನೆನಪಿಡಬೇಕಾದ ಅಂಕಿ

ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ (100 ಮಿ.ಲೀ. ರಕ್ತದಲ್ಲಿ) 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. 11ರಿಂದ 11.9 ಸೌಮ್ಯ, 8ರಿಂದ 10.9 ಮಧ್ಯಮ, 8ಕ್ಕಿಂತ ಕೆಳಗೆ ತೀವ್ರ. ತೀವ್ರವಾಗಿದ್ದರೆ ಮಾತ್ರೆ ಕೊಟ್ಟು ಮನೆಗೆ ಕಳಿಸಬಾರದು, ಅದೇ ದಿನ ಆಸ್ಪತ್ರೆಗೆ. ಗರ್ಭಿಣಿಗೆ ಗಡಿ 11. ಗರ್ಭಿಣಿಯಲ್ಲದವಳಿಗೆ "11.5 ಇದೆ, ಪರವಾಗಿಲ್ಲ" ಅನ್ನುವ ಮಾತು ತಪ್ಪು.

ಬೆರಳು ಚುಚ್ಚಿ ನೋಡುವಾಗ ಮೊದಲ ಹನಿ ಒರೆಸಿಬಿಡಿ. ಬೆರಳನ್ನು ಹಿಂಡಬೇಡಿ. ಹಿಂಡಿದರೆ ಅಂಗಾಂಶದ ನೀರೂ ಬೆರೆತು ಅಂಕಿ ಇರುವುದಕ್ಕಿಂತ ಕಡಿಮೆ ಬರುತ್ತದೆ.

ಬಣ್ಣದ ಗೊಂದಲ, 200–60ರ ಗೊಂದಲ

2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ 10ರಿಂದ 19 ವರ್ಷದವರಿಗೆ ನೀಲಿ ಮಾತ್ರೆ, 20 ದಾಟಿದ ಹೆಂಗಸರಿಗೆ ಕೆಂಪು ಮಾತ್ರೆ. ರಕ್ತಹೀನತೆ ಬಾರದಂತೆ ವಾರಕ್ಕೆ ಒಂದು, ಈಗಾಗಲೇ ಇದ್ದವರಿಗೆ ದಿನವೂ, ವೈದ್ಯರು ಬರೆದಷ್ಟು. ಒಂದೇ ಲೈನಿನಲ್ಲಿ 19ರ ಹೆಲ್ಪರ್‌ಗೆ ನೀಲಿ, 22ರ ಟೈಲರ್‌ಗೆ ಕೆಂಪು ಸಿಕ್ಕಾಗ "ನನಗೆ ಮಕ್ಕಳ ಮಾತ್ರೆ ಕೊಟ್ಟರು" ಅನ್ನುವ ದೂರು ಬರುತ್ತದೆ. ಎರಡರಲ್ಲೂ ಇರುವುದು ಒಂದೇ: 60 ಮಿ.ಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಬೇರೆ ಇರುವುದು ಬಣ್ಣ ಮಾತ್ರ.

ಮೆಡಿಕಲ್ ಅಂಗಡಿಯಿಂದ ತಂದ ಮಾತ್ರೆಪಟ್ಟಿಯ (ಸ್ಟ್ರಿಪ್) ಮೇಲೆ ಕೆಲವೊಮ್ಮೆ ಫೆರಸ್ ಸಲ್ಫೇಟ್ 200 ಮಿ.ಗ್ರಾಂ ಎಂದಿರುತ್ತದೆ. 200 ಅಂದರೆ 60ರ ಮೂರರಷ್ಟಕ್ಕಿಂತ ಹೆಚ್ಚು ಎಂದು ಹೆದರಬೇಡಿ. ಅದು ಇಡೀ ಲವಣದ ತೂಕ, ಒಳಗಿನ ಕಬ್ಬಿಣ ಸುಮಾರು 60 ಮಾತ್ರ. ಫೆರಸ್ ಆಸ್ಕಾರ್ಬೇಟ್ ಮಾತ್ರೆಯ ಮೇಲೆ 100 ಎಂದಿದ್ದರೆ ಸಾಮಾನ್ಯವಾಗಿ ಅದು ಕಬ್ಬಿಣದ್ದೇ ತೂಕ. ಆದ್ದರಿಂದ ದೊಡ್ಡ ಅಕ್ಷರದ ಅಂಕಿ ಬಿಟ್ಟು "ಎಲಿಮೆಂಟಲ್ ಐರನ್" ಎಂದಿರುವ ಸಣ್ಣ ಸಾಲನ್ನು ಹುಡುಕಿ ಓದಿ.

ದಿನದಲ್ಲಿ ಮಾತ್ರೆಗೆ ಜಾಗ ಎಲ್ಲಿ?

ನಾನು ಎಡವಿದ್ದು ಇಲ್ಲೇ, ಹಾಗಾಗಿ ಇದನ್ನು ಬಿಡಿಸಿ ಬರೆಯುತ್ತೇನೆ. "ಖಾಲಿ ಹೊಟ್ಟೆಯಲ್ಲಿ, ಟೀ ಕುಡಿಯದೆ ತೆಗೆದುಕೊಳ್ಳಿ" ಎಂದು ಎಲ್ಲರೂ ಹೇಳುತ್ತಾರೆ. ಟೀಯಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟು ಕರುಳು ಹೀರದಂತೆ ಮಾಡುತ್ತದೆ. ಹಾಲು, ಮೊಸರಿನ ಕ್ಯಾಲ್ಸಿಯಂ ಕೂಡ ಅಡ್ಡ ಬರುತ್ತದೆ. ಆದ್ದರಿಂದ ಮಾತ್ರೆಗೆ ಮುಂಚೆ ಒಂದು ಗಂಟೆ, ನುಂಗಿದ ಮೇಲೆ ಒಂದೆರಡು ಗಂಟೆ ಟೀ ಬೇಡ. ಈ ನಿಯಮವನ್ನು ಫ್ಯಾಕ್ಟರಿ ಬಸ್ ಹಿಡಿಯುವವಳ ದಿನದ ಮೇಲೆ ಇಟ್ಟು ನೋಡಿ.

ಬೆಳಿಗ್ಗೆ 6:30ಕ್ಕೆ ಟೀ, 7:15ಕ್ಕೆ ಬಸ್. ಟೀಗೆ ಮುಂಚೆ ನುಂಗಿದರೆ ಅರ್ಧ ಗಂಟೆಯಲ್ಲೇ ಟೀ ಬರುತ್ತದೆ. ಟೀ ಬಿಟ್ಟು ನುಂಗಿದರೆ ಬಸ್ಸಿನ ಕುಲುಕಾಟಕ್ಕೆ ಹೊಟ್ಟೆ ತೊಳಸುತ್ತದೆ. ಎರಡು ದಿನ ವಾಂತಿಯಾದರೆ ಮೂರನೇ ದಿನದಿಂದ ಮಾತ್ರೆ ಕಸಕ್ಕೆ. 11ಕ್ಕೆ ಟೀ, 1ಕ್ಕೆ ಊಟ. ನಡುವೆ 12 ಗಂಟೆಗೆ ಜಾಗವಿದೆ, ಆದರೆ ಪ್ರೊಡಕ್ಷನ್ ಹೊತ್ತಿನಲ್ಲಿ ಮಷಿನ್ ಬಿಟ್ಟು ನೀರಿಗೆ ಏಳುವುದು ಕಷ್ಟ. ಸಂಜೆ 4ಕ್ಕೆ ಮತ್ತೆ ಟೀ, ಮನೆ ತಲುಪಿದ ಮೇಲೆ 7ಕ್ಕೆ ಇನ್ನೊಂದು. ಹೀಗೆ ಹೊಡೆದು ಹಾಕುತ್ತಾ ಹೋದರೆ ಉಳಿಯುವುದು ರಾತ್ರಿ. 8:30ಕ್ಕೆ ಊಟ ಮುಗಿದರೆ 10ಕ್ಕೆ ಮಾತ್ರೆ. ಆಗ ಟೀ ಇಲ್ಲ, ಹೊಟ್ಟೆ ತೀರ ಖಾಲಿಯೂ ಅಲ್ಲ, ಸ್ವಲ್ಪ ತೊಳಸಿದರೂ ನಿದ್ದೆಯಲ್ಲಿ ಕಳೆಯುತ್ತದೆ.

ಇಲ್ಲೂ ಒಂದು ಎಚ್ಚರ: ನುಂಗಿದ ಕೂಡಲೇ ಮಲಗಬಾರದು. ಮಾತ್ರೆ ಅನ್ನನಾಳದಲ್ಲೇ ನಿಂತು ಹುಣ್ಣು ಮಾಡಬಹುದು. ಒಂದು ಲೋಟ ತುಂಬ ನೀರು ಕುಡಿದು, ಬೆಳಗಿನ ಅಡುಗೆಗೆ ಸೊಪ್ಪು ಬಿಡಿಸುತ್ತಲೋ ಪಾತ್ರೆ ಎತ್ತಿಡುತ್ತಲೋ ಅರ್ಧ ಗಂಟೆ ಎದ್ದಿರಲಿ.

ರಕ್ತಹೀನತೆ ಇದೆ ಎಂದು ವೈದ್ಯರು ದಿನಕ್ಕೆ ಎರಡು ಬರೆದು, ಎರಡನ್ನೂ ಒಟ್ಟಿಗೆ ನುಂಗಿದರೆ ತಡೆಯದು ಅನ್ನುವವರು, ವೈದ್ಯರನ್ನೇ ಕೇಳಿ ಇನ್ನೊಂದನ್ನು ಮಧ್ಯಾಹ್ನದ ಊಟದ ಮೇಲೆ ಇಟ್ಟುಕೊಳ್ಳಬಹುದು. ಹೀರಿಕೆ ಸ್ವಲ್ಪ ಕಡಿಮೆ, ಆದರೆ 4ರ ಟೀವರೆಗೆ ಸಾಕಷ್ಟು ಹೊತ್ತಿದೆ. ಆ ಊಟಕ್ಕೆ ಮಜ್ಜಿಗೆ ಬೇಡ, ಅದನ್ನು ರಾತ್ರಿಯ ಊಟಕ್ಕೆ ಕುಡಿಯಲಿ. ಗರ್ಭಿಣಿಯರ ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ, ಕನಿಷ್ಠ ಎರಡು ಗಂಟೆ ಅಂತರವಿಟ್ಟು. ತಿಂಡಿ ಬಿಟ್ಟು ಗ್ಯಾಸ್ ಮಾತ್ರೆ ನುಂಗುವವರು ಇದ್ದೇ ಇರುತ್ತಾರೆ, ಅದೂ ಕಬ್ಬಿಣದ ಹೀರಿಕೆ ತಗ್ಗಿಸುತ್ತದೆ. ಕೇಳಿ ತಿಳಿದುಕೊಳ್ಳಿ. ಒಂದು ದಿನ ಮರೆತರೆ ಮರುದಿನ ದುಪ್ಪಟ್ಟು ನುಂಗುವುದು ಬೇಡ.

ಮಲಬದ್ಧತೆಗೆ ಮಾತ್ರೆಯೊಂದೇ ಕಾರಣವಲ್ಲ

ಟಾರ್ಗೆಟ್ ಮುಗಿಸುವ ಆತುರ, ಟಾಯ್ಲೆಟ್‌ಗೆ ಎದ್ದರೆ ಸೂಪರ್‌ವೈಸರ್ ಏನಂದಾರೋ ಅನ್ನುವ ಅಳುಕು. ಇದರಿಂದ ಬೆಳಿಗ್ಗೆಯಿಂದ ನೀರೇ ಕುಡಿಯದವರು ಬಹಳ. ಕಬ್ಬಿಣದ ಮಾತ್ರೆ ಮಲವನ್ನು ಗಟ್ಟಿ ಮಾಡುತ್ತದೆ ಅನ್ನುವುದು ನಿಜ, ನೀರಿಲ್ಲದ ಹೊಟ್ಟೆಯಲ್ಲಿ ಅದು ಎರಡರಷ್ಟು ಕಾಡುತ್ತದೆ. ಉರಿಮೂತ್ರವೂ ಇದೇ ದಾರಿಯಲ್ಲಿ ಬರುತ್ತದೆ. ಆದ್ದರಿಂದ ಮಾತ್ರೆ ಹಂಚುವ ದಿನವೇ ನೀರಿನ ಮಾತಾಡಬೇಕು: ಬಸ್ ಇಳಿದಾಗ ಒಂದು ಲೋಟ, ಎರಡು ಟೀ ಬಿಡುವಿನಲ್ಲಿ ಒಂದೊಂದು, ಊಟಕ್ಕೆ ಎರಡು, ಹೊರಡುವಾಗ ಒಂದು. ಟಾಯ್ಲೆಟ್ ಬಿಡುವಿನ ಮಾತನ್ನು ಹೆಂಗಸರ ತಲೆಗೆ ಕಟ್ಟದೆ ಮ್ಯಾನೇಜರ್ ಮುಂದೆ ನಾವೇ ಇಡಬೇಕು. ನೀರು ಕುಡಿಯಿರಿ ಎಂದು ಉಪದೇಶ ಮಾಡಿ, ಏಳಲು ಬಿಡದಿದ್ದರೆ ಏನು ಪ್ರಯೋಜನ?

ಮಲ ಕಪ್ಪಾಗುವುದು ಸಹಜ. ಅದನ್ನು ಮೊದಲೇ ಹೇಳದಿದ್ದರೆ ಹೆದರಿ ನಿಲ್ಲಿಸುತ್ತಾರೆ. ಡಾಂಬರಿನಂತೆ ಅಂಟಂಟಾಗಿ ಬಂದರೆ, ಇಲ್ಲವೇ ಹೊಟ್ಟೆನೋವಿನ ಜೊತೆ ಬಂದರೆ ವೈದ್ಯರ ಬಳಿ.

ಊಟ

ರಾಗಿ ಮುದ್ದೆ, ಹುರುಳಿಕಾಳಿನ ಸಾರು, ಮಸೊಪ್ಪು ನಮ್ಮಲ್ಲಿ ಹೇಗೂ ಇವೆ. ಕಾಳು, ರಾಗಿಯಲ್ಲಿರುವ ಫೈಟೇಟ್ ಅನ್ನುವ ಅಂಶ ಕಬ್ಬಿಣವನ್ನು ಕಟ್ಟಿಹಾಕುತ್ತದೆ, ಮೊಳಕೆ ಕಟ್ಟಿದರೆ ಅದು ಇಳಿಯುತ್ತದೆ. ನಿಂಬೆಹಣ್ಣನ್ನು ಸಾರು ಇಳಿಸಿದ ಮೇಲೆ ತಟ್ಟೆಯಲ್ಲಿ ಹಿಂಡಿ, ಕುದಿಸಿದರೆ ವಿಟಮಿನ್ ಸಿ ಹಾಳಾಗುತ್ತದೆ. ಸೀಬೆಹಣ್ಣು, ನೆಲ್ಲಿಕಾಯಿ ಸಿಕ್ಕ ಕಾಲದಲ್ಲಿ ಊಟದ ಜೊತೆಯೇ ತಿನ್ನಲಿ.

ನಾಲ್ಕು ವಾರದ ಮೇಲೆ

ಸರಿಯಾಗಿ ನುಂಗಿದ್ದರೆ ಸುಮಾರು 1 ಗ್ರಾಂ ಏರಿರಬೇಕು. ಏರದಿದ್ದರೆ ಮೊದಲು ಹೊತ್ತು ಕೇಳಿ, ಪಟ್ಟಿಯಲ್ಲಿ ಉಳಿದ ಮಾತ್ರೆ ಎಣಿಸಿ. ಅದೆಲ್ಲ ಸರಿಯಿದ್ದರೆ ಮುಟ್ಟಿನ ರಕ್ತಸ್ರಾವ ಎಷ್ಟು, ಆರು ತಿಂಗಳಲ್ಲಿ 400 ಮಿ.ಗ್ರಾಂ ಆಲ್ಬೆಂಡಜೋಲ್ ಜಂತುಮಾತ್ರೆ ನುಂಗಿದ್ದಾಳಾ ಎಂದು ಕೇಳಿ ವೈದ್ಯರ ಬಳಿ ಕಳಿಸಿ. ಬಿ12 ಕೊರತೆ, ತಲಸೇಮಿಯಾ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಅವರು ನೋಡುತ್ತಾರೆ. ಬಸುರಿಯ ಮೊದಲ ಮೂರು ತಿಂಗಳಲ್ಲಿ ಜಂತುಮಾತ್ರೆ ಕೊಡುವಂತಿಲ್ಲ.

12 ಮುಟ್ಟಿದ ದಿನವೇ ಮಾತ್ರೆ ನಿಲ್ಲಿಸಬೇಡಿ. ದೇಹದ ದಾಸ್ತಾನು ತುಂಬಲು ಇನ್ನೂ ಸುಮಾರು ಮೂರು ತಿಂಗಳು ಬೇಕು, ಎಷ್ಟು ದಿನ ಎಂಬುದನ್ನು ವೈದ್ಯರು ಬರೆದುಕೊಡುತ್ತಾರೆ. ಅಷ್ಟು ದಿನ ಮನೆಯಲ್ಲಿರುವ ಆ ಕೆಂಪು, ಸಿಹಿ ಲೇಪದ ಮಾತ್ರೆ ಮಕ್ಕಳ ಕಣ್ಣಿಗೆ ಪೆಪ್ಪರ್‌ಮೆಂಟಿನಂತೆಯೇ ಕಾಣುತ್ತದೆ. ನಾಲ್ಕಾರು ಒಟ್ಟಿಗೆ ತಿಂದರೂ ಪುಟ್ಟ ಮಗುವಿನ ಜೀವಕ್ಕೆ ಅಪಾಯ. ಬ್ಯಾಗಿನಲ್ಲಿ, ದಿಂಬಿನಡಿ ಇಡದೆ ಅಟ್ಟದ ಮೇಲಿನ ಡಬ್ಬದಲ್ಲಿ ಇಡಲು ಹೇಳಿ.