ಇಲಿ ಜ್ವರ ಬಿಟ್ಟಿತು, ಕಣ್ಣು ಯಾಕೆ ಕೆಂಪಾಯಿತು?

ಕಣ್ಣು ಕೆಂಪಾದರೆ ನಮ್ಮ ಕಡೆ ಎಲ್ಲವೂ ಮದ್ರಾಸ್ ಐ. ಮೆಡಿಕಲ್ ಶಾಪಿನಿಂದ ಒಂದು ಡ್ರಾಪ್ಸ್, ಒಂದು ಕಪ್ಪು ಕನ್ನಡಕ, ಅಲ್ಲಿಗೆ ಮುಗಿಯಿತು. ಬಹಳ ಸಲ ಅದು ನಿಜವಾಗಿಯೂ ಮದ್ರಾಸ್ ಐ ಆಗಿರುತ್ತದೆ, ತಾನಾಗಿಯೇ ವಾಸಿಯೂ ಆಗುತ್ತದೆ. ಆದರೆ ಮಳೆಗಾಲ ಕಳೆದ ಮೇಲೆ ಕಣ್ಣು ತೋರಿಸಲು ನಮ್ಮಲ್ಲಿಗೆ ಬರುವ ಕೆಲವರ ಕಣ್ಣೇ ಬೇರೆ. ಗೀಜು ಇರುವುದಿಲ್ಲ. ಬೆಳಗ್ಗೆ ರೆಪ್ಪೆ ಅಂಟಿಕೊಳ್ಳುವುದಿಲ್ಲ. ಕರಿಗುಡ್ಡೆಯ ಸುತ್ತಲೇ ಕೆಂಪು ಜಾಸ್ತಿ. ಬೆಳಕು ಬಿದ್ದರೆ ಒಳಗಿನಿಂದ ನೋವು, ನೋಟ ಮಂಜು. ಇದು ಯೂವಿಯೈಟಿಸ್, ಅಂದರೆ ಕಣ್ಣಿನ ಒಳಗಿನ ಉರಿಯೂತ.

ಇಂಥವರಿಗೆ ಜ್ವರದ ಬಗ್ಗೆ ಕೇಳಿದರೆ 'ಇಲ್ಲ' ಅನ್ನುತ್ತಾರೆ. ಅಡಿಕೆ ತೋಟದವರೊಬ್ಬರು ಹಾಗೆ ಖಡಾಖಂಡಿತವಾಗಿ ಹೇಳುತ್ತಿದ್ದಾಗ, ಪಕ್ಕದಲ್ಲಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ಜುಲೈನಲ್ಲಿ ಇಲಿ ಜ್ವರ ಅಂತ ಅಡ್ಮಿಟ್ ಆಗಿದ್ರಲ್ಲ? ಮೀನಖಂಡ ಹಿಡ್ಕೊಂಡು ಅಯ್ಯೋ ಅಂತಿದ್ರಲ್ಲ?" ಅವರಿಗೆ ಸ್ವಲ್ಪ ಸಿಟ್ಟೇ ಬಂತು. "ಅದು ಆವಾಗ್ಲೇ ಹೋಯ್ತಲ್ಲ. ಅದಕ್ಕೂ ಕಣ್ಣಿಗೂ ಏನು?"

ಇದೊಂದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಜ್ವರ ಹೋಗಿರುತ್ತದೆ, ನಿಜ. ರಕ್ತದಲ್ಲಿ ಇಲಿ ಜ್ವರ ತರುವ ಲೆಪ್ಟೋಸ್ಪೈರಾ ಬ್ಯಾಕ್ಟೀರಿಯಾ ಇರುವುದಿಲ್ಲ, ಅದೂ ನಿಜ. ಆದರೆ ಜ್ವರದ ದಿನಗಳಲ್ಲೇ ಅದು ರಕ್ತದ ಜೊತೆ ಕಣ್ಣಿನೊಳಗೆ ಹೋಗಿರಬಹುದು. ದೇಹದ ಕಾವಲು ಬೇರೆ ಕಡೆ ಓಡಾಡಿದಷ್ಟು ಸಲೀಸಾಗಿ ಕಣ್ಣಿನೊಳಗೆ ಓಡಾಡುವುದಿಲ್ಲ. ಅಲ್ಲಿ ಉಳಿದುಕೊಂಡ ಬ್ಯಾಕ್ಟೀರಿಯಾದ ಮೇಲೋ, ಅದರ ಚೂರುಗಳ ಮೇಲೋ ದೇಹ ಆಮೇಲೆ ತಿರುಗಿಬೀಳುತ್ತದೆ. ಆ ಜಗಳದಲ್ಲಿ ಪೆಟ್ಟು ತಿನ್ನುವುದು ಕಣ್ಣು. ಕೆಲವು ವಾರಗಳ ನಂತರ ಆಗಬಹುದು, ತಿಂಗಳುಗಳ ನಂತರವೂ ಆಗಬಹುದು. ಜ್ವರ ಇದ್ದಾಗಲೇ ಕಣ್ಣು ಕೆಂಪಾಗಿರುತ್ತದಲ್ಲ, ಅದು ಬೇರೆ. ಅದು ಹೊರಗಿನ ಕೆಂಪು, ಜ್ವರದ ಜೊತೆಗೇ ಇಳಿಯುತ್ತದೆ. "ಆಗಲೇ ಕೆಂಪಾಗಿ ವಾಸಿಯಾಗಿತ್ತು" ಅಂತ ಸುಮ್ನೆ ಕೂರಬೇಡಿ.

1993ರ ಕೊನೆಯಲ್ಲಿ ತಮಿಳುನಾಡಿನ ಮದುರೈ ಸುತ್ತ ಭಾರಿ ಮಳೆ, ನೆರೆ ಬಂದಿತ್ತು. ಮುಂದಿನ ತಿಂಗಳುಗಳಲ್ಲಿ ಅಲ್ಲಿನ ಅರವಿಂದ ಕಣ್ಣಿನ ಆಸ್ಪತ್ರೆಗೆ ಯೂವಿಯೈಟಿಸ್ ಆದವರು ಗುಂಪು ಗುಂಪಾಗಿ ಬಂದರು. ಹುಡುಕುತ್ತಾ ಹೋದರೆ ಸಿಕ್ಕಿದ್ದು ಇಲಿ ಜ್ವರ. ಕೆಲವರ ಕಣ್ಣಿನೊಳಗಿನ ನೀರಿನಲ್ಲೇ ಆ ಬ್ಯಾಕ್ಟೀರಿಯಾದ ಡಿಎನ್‌ಎ ಇತ್ತು. ಕುದುರೆಗಳಿಗೂ ಇದೇ ಬ್ಯಾಕ್ಟೀರಿಯಾದಿಂದ ಕಣ್ಣಿನ ಉರಿಯೂತ ಮತ್ತೆ ಮತ್ತೆ ಬರುತ್ತದೆ, ಕುರುಡಾಗುವುದೂ ಉಂಟು. ಪಾಪ, ಅವಕ್ಕೆ ಬಾಯಿಲ್ಲ. ನಮಗೆ ಇದೆ, ಅಲ್ವಾ?

ಇಲಿ ಜ್ವರ ಬಂದವರಿಗೆಲ್ಲ ಹೀಗಾಗುತ್ತದೆ ಅಂತ ಹೆದರಬೇಡಿ. ಯೂವಿಯೈಟಿಸ್‌ಗೆ ಕ್ಷಯ, ಬೆನ್ನುಮೂಳೆಯ ವಾತ, ಹರ್ಪಿಸ್, ಹೀಗೆ ಕಾರಣ ಹತ್ತಾರು. ಕೆಂಪು ಯೂವಿಯೈಟಿಸ್ಸೋ ಅಲ್ಲವೋ ಅಂತ ಸ್ಲಿಟ್ ಲ್ಯಾಂಪಿನಲ್ಲಿ, ಅಂದರೆ ಕಣ್ಣನ್ನು ದೊಡ್ಡದು ಮಾಡಿ ತೋರಿಸುವ ಮಿಷನ್ನಿನಲ್ಲಿ, ನೋಡದೆ ಯಾರೂ ಹೇಳಲಾಗದು. ಅದರ ಸಣ್ಣ ಬೆಳಕಿನಲ್ಲಿ, ಹಂಚಿನ ಸಂದಿಯಿಂದ ಬಿದ್ದ ಬಿಸಿಲಕೋಲಿನ ಧೂಳಿನ ಹಾಗೆ, ಬಿಳಿ ಕಣಗಳು ತೇಲುವುದು ಕಾಣುತ್ತದೆ. ಆದರೆ ಆ ಕಣಗಳು ಯಾಕೆ ಬಂದವು ಅಂತ ಮಿಷನ್ ಹೇಳುವುದಿಲ್ಲ. ಅದಕ್ಕೇ ಹಳೆಯ ಡಿಸ್ಚಾರ್ಜ್ ಚೀಟಿ ತನ್ನಿ ಅನ್ನುವುದು.

ಬೇಗ ಬಂದರೆ ಹೆಚ್ಚಿನವರ ನೋಟ ಚೆನ್ನಾಗಿಯೇ ಮರಳುತ್ತದೆ. ಸ್ಟೀರಾಯ್ಡ್ ಡ್ರಾಪ್ಸ್ ಕೊಡುತ್ತೇವೆ, ಜೊತೆಗೆ ಪಾಪೆ ಅಗಲಿಸುವ ಡ್ರಾಪ್ಸ್. ಎರಡನೆಯದನ್ನು "ಪೇಪರ್ ಓದೋಕೇ ಆಗಲ್ಲ" ಅಂತ ಬಿಟ್ಟುಬಿಡುತ್ತಾರೆ. ಬಿಟ್ಟರೆ ಐರಿಸ್, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಪರದೆ, ಹಿಂದಿನ ಲೆನ್ಸಿಗೆ ಅಂಟಿಕೊಳ್ಳಬಹುದು, ಆಮೇಲೆ ಬಿಡಿಸುವುದು ಕಷ್ಟ. ಮೊದಲನೆಯದನ್ನು ಕೆಂಪು ಇಳಿದ ದಿನವೇ ನಿಲ್ಲಿಸುತ್ತಾರೆ, ಉರಿಯೂತ ಮರುಕಳಿಸುತ್ತದೆ. ಇನ್ನು ಕೆಲವರು ಉಳಿದ ಸ್ಟೀರಾಯ್ಡ್ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು, ಮುಂದಿನ ಸಲ ಯಾರದ್ದೇ ಕಣ್ಣು ಕೆಂಪಾದರೂ ಅದನ್ನೇ ಹಾಕುತ್ತಾರೆ. ಅದರಿಂದ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ರೋಗ, ಆಗಬಹುದು. ಆ ಬಾಟಲಿ ನಿಮ್ಮ ಮನೆಯಲ್ಲೂ ಇದ್ದರೆ ಇವತ್ತೇ ಎಸೆಯಿರಿ.